ಮೊದಲ ಮಣೆ ಯಾರಿಗೆ?

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನ ಚಂದಗುಳಿ ದೊಡ್ಡ ಊರೇನೂ ಅಲ್ಲ. ಅಡಿಕೆಯ ತೋಟ, ಸುತ್ತ ಕಾಡು, ಅಲ್ಲೊಂದು ಇಲ್ಲೊಂದು ಮನೆ—ಘಟ್ಟದ ಮೇಲಿನ ಎಷ್ಟೋ ಹಳ್ಳಿಗಳಿಗೆ ಒಪ್ಪುವ ವರ್ಣನೆಯೇ ಇದಕ್ಕೂ ಒಪ್ಪುತ್ತದೆ. ಆದರೂ ದೂರದ ಜನರು ಈ ಊರಿನ ಹೆಸರನ್ನು ಕೇಳಿಕೊಂಡು ಬರುತ್ತಾರೆ. ಅದಕ್ಕೆ ಕಾರಣ ಅಲ್ಲಿಯ ಗಣಪತಿ. ಹರಕೆ ಹೊತ್ತವರು, ತಮ್ಮ ಇಷ್ಟಾರ್ಥ ಕೈಗೂಡಿದ ಮೇಲೆ, ಈ ದೇವರಿಗೆ ಘಂಟೆಯನ್ನು ತಂದು ಒಪ್ಪಿಸುವುದು ವಾಡಿಕೆ. ಚಿಕ್ಕವು ದೊಡ್ಡವು ಎನ್ನದೆ ಸಾಲುಸಾಲಾಗಿ ತೂಗುತ್ತಿರುವ ಆ ಘಂಟೆಗಳಿಂದಲೇ ದೇವರಿಗೆ ‘ಘಂಟೆ ಗಣಪತಿ’ ಎಂಬ ಹೆಸರು ನಿಂತಿದೆ.

ಹೊಸದಾಗಿ ಬಂದವರಿಗೆ ಅಲ್ಲಿ ಸ್ಥಳಮಹಿಮೆಯನ್ನು ಯಾರೂ ವಿವರಿಸಬೇಕಾದುದಿಲ್ಲ. ತಲೆಯೆತ್ತಿ ನೋಡಿದರೆ ಸಾಕು. ಒಂದೊಂದು ಘಂಟೆಯೂ ಒಬ್ಬೊಬ್ಬರು ನುಡಿದ ಸಾಕ್ಷ್ಯ. ಆ ಸಾಕ್ಷ್ಯಕ್ಕೆ ಬೆಲೆ ಬಂದುದು ಅದು ಹೊರಗಿನವರು ನುಡಿದುದಾದ್ದರಿಂದ. ತನ್ನ ಹಿರಿಮೆಯನ್ನು ತಾನೇ ಸಾರಿಕೊಳ್ಳುವುದಕ್ಕೂ ಅದನ್ನು ಇನ್ನೊಬ್ಬರು ಬಂದು ಸಾರುವುದಕ್ಕೂ ಇರುವ ಅಂತರವನ್ನು ಲೋಕವು ಎಂದಿನಿಂದಲೂ ಬಲ್ಲದು.

ಈ ಹಳೆಯ ಲೋಕಜ್ಞಾನವೇ ಇಂದು ಎಲ್ಲರ ಕೈಯ ಫೋನಿನೊಳಗೆ ಹಗಲಿರುಳೂ ಕೆಲಸಮಾಡುತ್ತಿದೆ. ಮಗನ ಪರೀಕ್ಷೆಯ ವಿವರವೇ ಆಗಲಿ, ಮನೆಯ ಹಿರಿಯರ ಮೊಣಕಾಲು ನೋವಿನ ಮದ್ದೇ ಆಗಲಿ, ರಜೆಯಲ್ಲಿ ಹೋಗಿಬರಬೇಕೆಂದಿರುವ ಮಾಗೋಡು ಜಲಪಾತದ ದಾರಿಯೇ ಆಗಲಿ, ನಾಲ್ಕು ಅಕ್ಷರ ಒತ್ತಿದರೆ ಗೂಗಲ್‌ನಂಥ ಶೋಧಯಂತ್ರವು ಕ್ಷಣಾರ್ಧದಲ್ಲಿ ಅಂತರಜಾಲದ ಪುಟಗಳನ್ನು ಪಂಕ್ತಿಯಲ್ಲಿ ಕೂರಿಸಿ ಮುಂದಿಡುತ್ತದೆ. ಆ ಪಂಕ್ತಿಯ ಮೊದಲ ಎರಡು ಮೂರು ಎಲೆಗಳ ಆಚೆಗೆ ಕಣ್ಣು ಹಾಯಿಸುವವರು ವಿರಳ. ಮೊದಲ ಮಣೆಯ ಮೇಲೆ ಕುಳಿತವನ ಮಾತೇ ಮಾತು. ಹಾಗಾದರೆ ಆ ಮಣೆಯನ್ನು ಯಾರಿಗೆ ಹಾಕಬೇಕೆಂಬುದನ್ನು ಯಂತ್ರವು ನಿರ್ಣಯಿಸುವುದು ಹೇಗೆ?

ಪದಗಳನ್ನೆಣಿಸಿದ ಕಾಲ

1995ರಲ್ಲಿ ಬಂದ ಆಲ್ಟಾವಿಸ್ಟಾ ಮೊದಲಾದ ಆರಂಭದ ಶೋಧಯಂತ್ರಗಳು ಮುಖ್ಯವಾಗಿ ಪದಗಳನ್ನು ನೆಚ್ಚಿಕೊಂಡಿದ್ದವು. ಕೇಳಿದ ಪದ ಯಾವ ಪುಟದಲ್ಲಿದೆ, ಎಷ್ಟು ಸಲ ಬಂದಿದೆ, ಶೀರ್ಷಿಕೆಯಲ್ಲಿದೆಯೆ, ಒಳಗಿದೆಯೆ—ಇಷ್ಟನ್ನು ನೋಡಿ ಪುಟಗಳಿಗೆ ಸ್ಥಾನ ಕೊಡುತ್ತಿದ್ದವು. ಇದರ ದೌರ್ಬಲ್ಯವನ್ನು ವ್ಯಾಪಾರಿಗಳು ಬಹುಬೇಗ ಅರಿತುಕೊಂಡರು. ಒಂದೇ ಪದವನ್ನು ನೂರು ಸಲ ಬರೆದರಾಯಿತು! ಓದುವವರಿಗೆ ಬೇಸರವಾಗದಿರಲೆಂದು ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆಯುವ ಜಾಣತನವನ್ನೂ ಕಲಿತರು. ಮನುಷ್ಯನ ಕಣ್ಣಿಗೆ ಕಾಣದ್ದು ಯಂತ್ರದ ಕಣ್ಣಿಗೆ ಕಾಣುತ್ತಿತ್ತು. ತನ್ನ ಡಂಗುರವನ್ನು ತಾನೇ ಹೊಡೆದುಕೊಂಡವನಿಗೆ ಮೊದಲ ಮಣೆ ದೊರಕಿತು.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆಯ್ ಬ್ರಿನ್ ಎಂಬಿಬ್ಬರು ತರುಣರು ಇದಕ್ಕೆ ಬೇರೊಂದು ಹಾದಿ ಹಿಡಿದರು. ಅಂತರಜಾಲದ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗಲು ನಡುವೆ ಕೊಂಡಿಗಳಿರುತ್ತವೆಯಷ್ಟೆ. ರೂಢಿಯ ಮಾತಿನಲ್ಲಿ ಅವೇ ‘ಲಿಂಕು’ಗಳು. ಕೊಂಡಿ ಹಾಕಿದವನು ‘ಇದನ್ನೂ ನೋಡಿ’ ಎಂದು ಬೆರಳು ತೋರಿದಂತಾಯಿತು. ಪುಟವು ತನ್ನ ವಿಷಯದಲ್ಲಿ ತಾನು ಹೇಳಿಕೊಳ್ಳುವುದನ್ನು ಬದಿಗಿಟ್ಟು, ಉಳಿದವರು ಅದರ ಕಡೆಗೆ ಬೆರಳು ತೋರಿದ್ದಾರೆಯೆ ಎಂದು ನೋಡಿದರೆ ಹೇಗೆ? 1998ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಿರುಳು ಇದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆ ಸ್ಥಾಪನೆಯಾಯಿತು.

ಪೂರ್ವಕವಿ ಸ್ಮರಣೆ

ಈ ವಿಚಾರದ ಬೇರು ವಿದ್ವತ್ ಪ್ರಪಂಚದಲ್ಲಿದೆ. ಪ್ರಬಂಧ ಬರೆಯುವ ವಿಜ್ಞಾನಿಯು ತಾನು ಆಧರಿಸಿದ ಹಿಂದಿನ ಪ್ರಬಂಧಗಳನ್ನು ಹೆಸರಿಸುತ್ತಾನೆ. ಯಾರು ಯಾರನ್ನು ಹೆಸರಿಸಿದ್ದಾರೆಂಬುದನ್ನು ಪಟ್ಟಿಮಾಡಿ, ಯೂಜೀನ್ ಗಾರ್ಫೀಲ್ಡ್ ಎಂಬಾತ 1964ರಲ್ಲಿ ಫಿಲಡೆಲ್ಫಿಯಾದಿಂದ ವಿಜ್ಞಾನ ಪ್ರಬಂಧಗಳ ಉಲ್ಲೇಖ ಸೂಚಿಯನ್ನು ಹೊರತಂದ. ಹೆಚ್ಚು ಮಂದಿ ಹೆಸರಿಸಿದ ಪ್ರಬಂಧಕ್ಕೆ ಹೆಚ್ಚಿನ ತೂಕವೆಂಬ ಭಾವನೆ ಅಲ್ಲಿಂದ ಬಲವಾಯಿತು.

ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ನಮ್ಮ ಹಳೆಯ ಕವಿಗಳು ಕಾವ್ಯಾರಂಭದಲ್ಲಿ ಹಿಂದಿನ ಕವಿಗಳನ್ನು ನೆನೆಯುವ ಸಂಪ್ರದಾಯವನ್ನು ಇಟ್ಟುಕೊಂಡಿದ್ದರು. ಸುಮಾರು 850ರ ಕಾಲದ ‘ಕವಿರಾಜಮಾರ್ಗ’ವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಗದ್ಯ ಇಂದು ನಮಗೆ ದೊರೆತಿಲ್ಲ. ಆದರೂ ಅವರ ಹೆಸರು ಅಳಿದಿಲ್ಲ. ತೂಕವುಳ್ಳ ಗ್ರಂಥವೊಂದು ಅವರ ಕಡೆಗೆ ಬೆರಳು ತೋರಿದುದರಿಂದ ಉಳಿದುಕೊಂಡಿದೆ.

ಅಸಗನೆಂಬ ಕವಿಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಅವನ ಕನ್ನಡ ಕಾವ್ಯ ಸಿಕ್ಕಿಲ್ಲ. ಆದರೆ ಹತ್ತನೆಯ ಶತಮಾನದ ಪೊನ್ನನು, ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರು ಮಡಿ ಮಿಗಿಲೆಂದು ಹೇಳಿಕೊಂಡಿದ್ದಾನೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತನಗೆ ಲಕ್ಷ್ಯವಾದ ಕವಿಗಳ ಸಾಲಿನಲ್ಲಿ ಅಸಗನನ್ನು ಸೇರಿಸಿದ್ದಾನೆ. ಪೊನ್ನನ ಆತ್ಮಪ್ರಶಂಸೆಯಿಂದ ಪೊನ್ನನ ಯೋಗ್ಯತೆ ಸಿದ್ಧವಾಗುವುದಿಲ್ಲ. ಅಳೆದುಕೊಳ್ಳಲು ಆತ ಆರಿಸಿಕೊಂಡ ಅಳತೆಗೋಲು ಅಸಗನಾದುದರಿಂದ ಅಸಗನ ಯೋಗ್ಯತೆ ಸಿದ್ಧವಾಗುತ್ತದೆ! 1907ರಿಂದ ಮೂರು ಸಂಪುಟಗಳಲ್ಲಿ ಹೊರಬಂದ ‘ಕರ್ಣಾಟಕ ಕವಿಚರಿತೆ’ಗಾಗಿ ಆರ್. ನರಸಿಂಹಾಚಾರ್ಯರು ಇಂಥ ಸ್ಮರಣೆಗಳನ್ನು ಹುಡುಕಿ ಜೋಡಿಸಿ ಕವಿಗಳ ಕಾಲವನ್ನೂ ಸ್ಥಾನವನ್ನೂ ತಿಳಿಯಲು ಯತ್ನಿಸಿದರು. ಆಚಾರ್ಯರು ಓಲೆಗರಿಗಳ ನಡುವೆ ಕುಳಿತು ಮಾಡಿದ ಕೆಲಸಕ್ಕೂ ಯಂತ್ರವು ಅಂತರಜಾಲದಲ್ಲಿ ಮಾಡುವ ಕೆಲಸಕ್ಕೂ ಹತ್ತಿರದ ಬಂಧುತ್ವವಿದೆ.

ಕೊನೆಗೌಡನನ್ನು ಹುಡುಕುವ ಬಗೆ

ಬೆರಳುಗಳನ್ನು ಎಣಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾರ ಬೆರಳು ಎಂಬುದೂ ಮುಖ್ಯ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟಿಗರಿಗೆ ಕೊನೆಗೌಡ ಬೇಕಾಗುತ್ತಾನೆ. ಎತ್ತರದ ಅಡಿಕೆ ಮರವನ್ನು ಹತ್ತಿ ಕೊನೆ ಇಳಿಸುವ, ಮಳೆಗಾಲದ ಕೊಳೆರೋಗಕ್ಕೆ ಔಷಧಿ ಹೊಡೆಯುವ ನುರಿತ ಕೆಲಸಗಾರ ಅವನು. ಹೊಸಬನೊಬ್ಬನನ್ನು ಕರೆಯಬೇಕಾದ ತೋಟದ ಯಜಮಾನರು ಏನು ಮಾಡುತ್ತಾರೆ? ನಾಲ್ಕು ಜನರನ್ನು ವಿಚಾರಿಸುತ್ತಾರೆ. ಆದರೆ ನಾಲ್ವರ ಮಾತಿಗೂ ಒಂದೇ ಬೆಲೆ ಕೊಡುವುದಿಲ್ಲ. ತೋಟದ ಕೆಲಸದಲ್ಲಿ ಊರೇ ಯಾರ ಸಲಹೆ ಕೇಳುತ್ತದೆಯೋ ಅಂಥ ಹಿರಿಯರು ಒಬ್ಬನ ಹೆಸರು ಹೇಳಿದರೆ ಅದಕ್ಕೆ ಹೆಚ್ಚು ಬೆಲೆ. ಅದೇ ಹಿರಿಯರು ‘ಅವನೂ ಆಗಬಹುದು, ಇವನೂ ಆಗಬಹುದು’ ಎಂದು ಇಪ್ಪತ್ತು ಹೆಸರು ಹೇಳಿಬಿಟ್ಟರೆ ಒಂದೊಂದು ಹೆಸರಿನ ಪಾಲಿಗೆ ಬರುವ ಬೆಲೆ ಅಷ್ಟಕ್ಕಷ್ಟೆ.

ಪೇಜ್ ಮತ್ತು ಬ್ರಿನ್ನರ ಲೆಕ್ಕವೂ ಇದೇ. ಒಂದು ಪುಟದ ತೂಕವೆಂದರೆ ಅದಕ್ಕೆ ಕೊಂಡಿ ಹಾಕಿದ ಪುಟಗಳಿಂದ ಹರಿದುಬಂದ ತೂಕ. ಕೊಂಡಿ ಹಾಕಿದ ಪುಟವು ತನ್ನ ತೂಕವನ್ನು ತಾನು ಹಾಕಿದ ಕೊಂಡಿಗಳಿಗೆಲ್ಲ ಸಮನಾಗಿ ಹಂಚುತ್ತದೆ. ಆದರೆ ಹಂಚುವವನ ತೂಕ ತಿಳಿಯಬೇಕಾದರೆ ಅವನಿಗೆ ಕೊಟ್ಟವರ ತೂಕ ತಿಳಿಯಬೇಕಲ್ಲವೆ? ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥ ಈ ತೊಡಕನ್ನು ಗಣಿತ ಸುಲಭವಾಗಿ ಬಿಡಿಸುತ್ತದೆ. ಎಲ್ಲ ಪುಟಗಳಿಗೂ ಸಮನಾದ ತೂಕ ಕೊಟ್ಟು ಆರಂಭಿಸಬೇಕು. ಹಂಚುವ ಕ್ರಿಯೆಯನ್ನು ಮತ್ತೆ ಮತ್ತೆ ನಡೆಸಬೇಕು. ಕ್ರಮೇಣ ಅಂಕಿಗಳು ಕದಲದೆ ನಿಲ್ಲುತ್ತವೆ.

ಮೂರೇ ಪುಟಗಳಿವೆಯೆಂದು ಭಾವಿಸೋಣ. ಅವನ್ನು ಯಲ್ಲಾಪುರ, ಸಿದ್ದಾಪುರ, ಶಿರಸಿ ಎಂದು ಕರೆಯೋಣ. ಯಲ್ಲಾಪುರದ ಪುಟವು ಉಳಿದೆರಡಕ್ಕೂ ಕೊಂಡಿ ಹಾಕಿದೆ. ಸಿದ್ದಾಪುರದ ಪುಟ ಶಿರಸಿಗೆ ಮಾತ್ರ, ಶಿರಸಿಯ ಪುಟ ಯಲ್ಲಾಪುರಕ್ಕೆ ಮಾತ್ರ ಹಾಕಿವೆ. ಒಟ್ಟು ತೂಕ 100 ಎಂದಿಟ್ಟುಕೊಂಡು ಹಂಚುತ್ತ ಹೋದರೆ ಕೊನೆಗೆ ಯಲ್ಲಾಪುರಕ್ಕೆ 40, ಶಿರಸಿಗೆ 40, ಸಿದ್ದಾಪುರಕ್ಕೆ 20 ನಿಲ್ಲುತ್ತದೆ. ಯಲ್ಲಾಪುರಕ್ಕೂ ಸಿದ್ದಾಪುರಕ್ಕೂ ಬಂದಿರುವುದು ಒಂದೊಂದೇ ಕೊಂಡಿ. ಆದರೂ ಒಂದರ ತೂಕ ಇನ್ನೊಂದರ ಇಮ್ಮಡಿ! ಶಿರಸಿಯು ತನ್ನ 40ನ್ನೂ ಇಡಿಯಾಗಿ ಯಲ್ಲಾಪುರಕ್ಕೆ ಕೊಟ್ಟಿತು. ಯಲ್ಲಾಪುರವಾದರೋ ತನ್ನ 40ನ್ನು ಇಬ್ಬರಿಗೆ ಹಂಚಿದುದರಿಂದ ಸಿದ್ದಾಪುರಕ್ಕೆ 20 ಮಾತ್ರ ಬಂತು.

ಇದಕ್ಕೆ ಒಂದು ತಿದ್ದುಪಡಿ ಬೇಕಾಯಿತು. ಎರಡು ಪುಟಗಳು ಪರಸ್ಪರ ಮಾತ್ರ ಕೊಂಡಿ ಹಾಕಿಕೊಂಡು ಕುಳಿತರೆ, ಒಳಬಂದ ತೂಕ ಹೊರಹೋಗದೆ ಅಲ್ಲಿಯೇ ಶೇಖರವಾಗುತ್ತದೆ. ಆದುದರಿಂದ ಅವರು ಗೊತ್ತುಗುರಿಯಿಲ್ಲದೆ ಅಲೆಯುವ ಒಬ್ಬ ಓದುಗನನ್ನು ಕಲ್ಪಿಸಿಕೊಂಡರು. ಅವನು ನೂರರಲ್ಲಿ ಸುಮಾರು 85 ಸಲ ಎದುರಿಗಿರುವ ಕೊಂಡಿಗಳಲ್ಲೊಂದನ್ನು ಹಿಡಿದು ಮುಂದೆ ಹೋಗುತ್ತಾನೆ; ಉಳಿದ 15 ಸಲ ಬೇಸರಗೊಂಡು, ಎಲ್ಲಿಗಾದರೂ ಸರಿ, ಹೊಸ ಪುಟಕ್ಕೆ ಹಾರುತ್ತಾನೆ. ಹೀಗೆ ಅಲೆಯುವವನು ಯಾವ ಪುಟದಲ್ಲಿ ಹೆಚ್ಚು ಸಲ ಕಾಣಸಿಗುತ್ತಾನೋ ಅದೇ ಹೆಚ್ಚು ತೂಕದ ಪುಟ. ಈ ಲೆಕ್ಕಕ್ಕೆ ‘ಪೇಜ್‌ರ‍್ಯಾಂಕ್’ ಎಂದು ಹೆಸರಾಯಿತು. ‘ಪೇಜ್’ ಎಂಬುದರಲ್ಲಿ ಪುಟವೂ ಇದೆ, ಅದನ್ನು ಕಂಡುಹಿಡಿದವನ ಹೆಸರೂ ಇದೆ. ನಮ್ಮ ಕವಿಗಳಿಗೂ ಮೆಚ್ಚುಗೆಯಾಗಬಹುದಾದ ಶ್ಲೇಷೆ! ಸುಮಾರು 32 ಕೋಟಿ 20 ಲಕ್ಷ ಕೊಂಡಿಗಳಿದ್ದ ಸಂಗ್ರಹದಲ್ಲಿಯೂ ಹಂಚಿಕೆಯನ್ನು 52 ಸಲ ನಡೆಸುವಷ್ಟರಲ್ಲಿ ಅಂಕಿಗಳು ಸ್ಥಿರವಾದುವೆಂದು ಅವರು ದಾಖಲಿಸಿದ್ದಾರೆ.

ಅದೇ ಸುಮಾರಿಗೆ ಜಾನ್ ಕ್ಲೈನ್‌ಬರ್ಗ್ ಎಂಬ ಇನ್ನೊಬ್ಬ ವಿದ್ವಾಂಸ ಬೇರೊಂದು ಸೂಕ್ಷ್ಮವನ್ನು ಕಂಡ. ವಿಷಯವನ್ನು ಬಲ್ಲವರು ಬೇರೆ, ‘ಇದನ್ನು ಬಲ್ಲವರು ಯಾರು’ ಎಂಬುದನ್ನು ಬಲ್ಲವರು ಬೇರೆ. ಮೊದಲನೆಯವರಿಗೆ ವೈದ್ಯ ಗೊತ್ತು, ಎರಡನೆಯವರಿಗೆ ಒಳ್ಳೆಯ ವೈದ್ಯರ ಮನೆ ಗೊತ್ತು. ಎರಡು ಬಗೆಯವರನ್ನೂ ಬೇರೆಬೇರೆಯಾಗಿ ತೂಗಬೇಕೆಂಬುದು ಅವನ ಮತ.

ಕೊಂಡು ತಂದ ಘಂಟೆ

ಬೆಲೆಯಿರುವ ವಸ್ತು ಕಂಡರೆ ಅದರ ನಕಲಿಯೂ ಹುಟ್ಟುವುದು ಲೋಕರೂಢಿ. ಹರಕೆ ತೀರಿದವನು ಕಟ್ಟಿದ ಘಂಟೆಗೆ ಅರ್ಥವಿದೆ. ದುಡ್ಡು ಕೊಟ್ಟು ಸಾವಿರ ಘಂಟೆಗಳನ್ನು ತರಿಸಿ ತಾನೇ ತೂಗಹಾಕಿಕೊಂಡರೆ ಅದು ಬರಿಯ ಕಂಚು. ಅಂತರಜಾಲದಲ್ಲಿ ಕೊಂಡಿಗಳ ಮಾರಾಟ ಆರಂಭವಾಯಿತು. ಒಬ್ಬನೇ ನೂರಾರು ಹುಸಿ ತಾಣಗಳನ್ನು ಸೃಷ್ಟಿಸಿ ಅವೆಲ್ಲವುಗಳಿಂದ ತನ್ನ ಅಂಗಡಿಗೆ ಕೊಂಡಿ ಹಾಕಿಸಿಕೊಂಡ. ಇದನ್ನು ತಡೆಯಲೆಂದು 2005ರಲ್ಲಿ, ‘ಈ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡ’ ಎಂದು ಯಂತ್ರಕ್ಕೆ ತಿಳಿಸುವ ಗುರುತೊಂದು ಬಳಕೆಗೆ ಬಂತು. 2012ರ ಏಪ್ರಿಲಿನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಹೆಸರಿನ ಮಾರ್ಪಾಡನ್ನು ತಂದು, ಕೃತಕವಾದ ಕೊಂಡಿಗಳಿಂದ ಮೇಲೇರಿದ್ದ ತಾಣಗಳನ್ನು ಕೆಳಕ್ಕಿಳಿಸಿತು.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು. ಬೆರಳು ತೋರಿದವನು ಮೆಚ್ಚಿ ತೋರಿದನೋ ಹಳಿದು ತೋರಿದನೋ ಎಂಬುದು ಕೊಂಡಿಯ ಲೆಕ್ಕದಲ್ಲಿ ಕಾಣಿಸುವುದಿಲ್ಲ. 2010ರಲ್ಲಿ ನ್ಯೂಯಾರ್ಕಿನ ಕನ್ನಡಕದ ವ್ಯಾಪಾರಿಯೊಬ್ಬ, ಗಿರಾಕಿಗಳು ತನ್ನನ್ನು ಬಯ್ದಷ್ಟೂ ತನ್ನ ಅಂಗಡಿ ಶೋಧಯಂತ್ರದಲ್ಲಿ ಮೇಲೇರುತ್ತದೆಂದು ಪತ್ರಿಕೆಯವರೊಡನೆ ಕೊಚ್ಚಿಕೊಂಡ. ಆ ವರದಿ ಪ್ರಕಟವಾದ ಕೆಲವೇ ದಿನಗಳಲ್ಲಿ ಗೂಗಲ್ ತನ್ನ ಲೆಕ್ಕವನ್ನು ತಿದ್ದಿಕೊಂಡಿತು.

ಇಂದು ಕೊಂಡಿಯ ತೂಕವೊಂದೇ ಸ್ಥಾನವನ್ನು ನಿರ್ಧರಿಸುವುದಿಲ್ಲ. ಪ್ರಶ್ನೆಯ ಅರ್ಥ, ಕೇಳಿದವರ ಭಾಷೆ, ಅವರಿರುವ ಊರು, ಬರಹದ ಹೊಸತನ—ಇಂಥ ಅನೇಕ ಸಂಗತಿಗಳನ್ನು ಯಂತ್ರವು ಕೂಡಿಸಿ ನೋಡುತ್ತದೆ. ಯಾವುದಕ್ಕೆ ಎಷ್ಟು ಪಾಲೆಂಬುದು ಸಂಸ್ಥೆಯ ಗುಟ್ಟು. ಪುಟಗಳ ಪೇಜ್‌ರ‍್ಯಾಂಕ್ ಅಂಕಿಯನ್ನು ಸಾರ್ವಜನಿಕರಿಗೆ ತೋರಿಸುವುದನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ‘ನಿಮ್ಮ ತಾಣದ ಅಥಾರಿಟಿ ಅಂಕಿಯನ್ನು ಹೆಚ್ಚಿಸಿಕೊಡುತ್ತೇವೆ’ ಎಂದು ಸಣ್ಣ ಅಂಗಡಿಯವರನ್ನೂ ಪಾಠಶಾಲೆ ನಡೆಸುವವರನ್ನೂ ಒಲಿಸಿ ಹಣ ಕೇಳುವವರಿದ್ದಾರೆ. ನೂರಕ್ಕೆ ಇಷ್ಟು ಎಂದು ಅವರು ತೋರಿಸುವ ಅಂಕಿ ‘ಮಾಜ್’ ಮೊದಲಾದ ಬೇರೆ ಸಂಸ್ಥೆಗಳ ಅಂದಾಜೇ ಹೊರತು ಗೂಗಲ್ ಕೊಟ್ಟ ಅಂಕಿಯಲ್ಲ ಎಂಬುದನ್ನು ಅಂಥವರು ತಿಳಿದಿರುವುದು ಕ್ಷೇಮ.

ಮಣೆ ಖಾಲಿ ಬಿದ್ದಾಗ

ಇಷ್ಟೆಲ್ಲ ಎಚ್ಚರವಿದ್ದರೂ 2021ರ ಜೂನ್ 3ರಂದು ಕನ್ನಡಿಗರ ಮನಸ್ಸನ್ನು ಕಲಕಿದ ಪ್ರಸಂಗ ನಡೆಯಿತು. ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ‘ಕನ್ನಡ’ ಎಂಬ ಉತ್ತರವನ್ನು ಎಲ್ಲಕ್ಕಿಂತ ಮೇಲಿನ ಚೌಕಟ್ಟಿನಲ್ಲಿ ತೋರಿಸುತ್ತಿತ್ತು. ರಾಜ್ಯವೆಲ್ಲ ಸಿಡಿದೆದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕ್ಷಮಾಪಣೆಯನ್ನು ಕೇಳಿದರು; ಪಕ್ಷಭೇದವಿಲ್ಲದೆ ನಾಯಕರು ಖಂಡಿಸಿದರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಅದು ತನ್ನ ಅಭಿಪ್ರಾಯವಲ್ಲವೆಂದೂ ಅಂತರಜಾಲದ ಬರಹಗಳಿಂದ ಇಂಥ ಅನಿರೀಕ್ಷಿತ ಫಲಗಳು ಬರುವುದುಂಟೆಂದೂ ತಿಳಿಸಿತು.

ಸಿಟ್ಟು ನ್ಯಾಯವಾದುದೇ. ಹಲ್ಮಿಡಿ ಶಾಸನದ ಕಾಲದಿಂದ, ಸುಮಾರು ಒಂದೂವರೆ ಸಾವಿರ ವರ್ಷಗಳಿಂದ ಬರೆಸಿಕೊಂಡು ಬಂದ ನುಡಿಗೆ ಈ ಮಾತೆ? ಆದರೆ ಆ ಉತ್ತರ ಮೇಲೆ ಬಂದುದು ಹೇಗೆಂದು ವಿಚಾರಿಸಬೇಕು. ಅದನ್ನು ಯಂತ್ರವು ಎತ್ತಿಕೊಂಡುದು ಭಾಷೆಗೂ ತನಗೂ ಸಂಬಂಧವೇ ಇಲ್ಲದ, ಯಾರೂ ಕೇಳರಿಯದ ತಾಣವೊಂದರಿಂದ. ಕೊಂಡಿಯ ತೂಕದಲ್ಲಿ ಅದು ವಿದ್ವತ್ ಪುಟಗಳ ಎದುರು ನಿಲ್ಲಲಾರದು. ಆದರೆ ಅಲ್ಲಿ ಎದುರಾಳಿಯೇ ಇರಲಿಲ್ಲ! ಅಂಥ ಅವಿವೇಕದ ಪ್ರಶ್ನೆಗೆ ಬಲ್ಲವರು ಯಾರೂ ಉತ್ತರ ಬರೆದಿರಲಿಲ್ಲ. ಬರೆಯುವ ಕಾರಣವೂ ಇರಲಿಲ್ಲ. ಯಂತ್ರಕ್ಕೆ ‘ಗೊತ್ತಿಲ್ಲ’ ಎನ್ನುವ ಅಭ್ಯಾಸವಿರಲಿಲ್ಲ. ಪಂಕ್ತಿಯಲ್ಲಿ ಒಬ್ಬನೇ ಇದ್ದ. ಅವನನ್ನೇ ಮೊದಲ ಮಣೆಯಲ್ಲಿ ಕೂರಿಸಿತು.

ಯಂತ್ರವು ಸತ್ಯವನ್ನು ತೂಗುವುದಿಲ್ಲ, ಇರುವ ಬರಹಗಳಲ್ಲಿ ಒಂದನ್ನು ಇನ್ನೊಂದರೊಡನೆ ತೂಗುತ್ತದೆ ಎಂಬುದು ಈ ಪ್ರಸಂಗದಿಂದ ತಿಳಿಯುವ ಸಂಗತಿ. ಅವಿವೇಕದ ಪ್ರಶ್ನೆಗೆ ಮಣೆ ಖಾಲಿಯಿದ್ದರೆ ಅದು ಕನ್ನಡಿಗರ ತಪ್ಪಲ್ಲ. ಆದರೆ ವಿವೇಕದ ಪ್ರಶ್ನೆಗಳಿಗೂ ಕನ್ನಡದಲ್ಲಿ ಎಷ್ಟೋ ಮಣೆಗಳು ಖಾಲಿ ಬಿದ್ದಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇರುವ ಲೇಖನಗಳು 30,000ಕ್ಕಿಂತ ಸ್ವಲ್ಪ ಹೆಚ್ಚು. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಮೀರಿವೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದವರು 4 ಕೋಟಿ 37 ಲಕ್ಷ ಮಂದಿ!

ಬರೆದುದೂ ಯಂತ್ರದ ಕಣ್ಣಿಗೆ ಬೀಳದೆ ಹೋಗುವುದುಂಟು. ಗಣಕದಲ್ಲಿ ಕನ್ನಡ ಬಂದ ಮೊದಲ ವರ್ಷಗಳಲ್ಲಿ ನಮ್ಮ ಅಕ್ಷರಗಳ ಆಕಾರವನ್ನು ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಹೊದಿಸಿ ಅಚ್ಚುಹಾಕುತ್ತಿದ್ದರು. ಆ ಅಕ್ಷರಮಾದರಿ ಇಲ್ಲದೆಡೆ ಇಡೀ ಬರಹವೇ ಗೊಂದಲದ ಗೂಡು. ಶೋಧಯಂತ್ರಕ್ಕೂ ಹಾಗೆಯೇ ತೋರುತ್ತಿತ್ತು. ಯೂನಿಕೋಡ್ ಬಂದು ಆ ಕಷ್ಟ ನೀಗಿದೆಯಾದರೂ ಹಳೆಯ ಕಡತಗಳು ಎಷ್ಟೋ ಹಾಗೆಯೇ ಉಳಿದಿವೆ. ಇನ್ನು ವಾಟ್ಸ್ಯಾಪಿನ ಗುಂಪುಗಳಲ್ಲಿ ದಿನವೂ ಹರಿದಾಡುವ ಮನೆಮದ್ದು, ಊರಿನ ಇತಿಹಾಸ, ಹಿರಿಯರ ನೆನಪು—ಇವು ಬಾಗಿಲು ಮುಚ್ಚಿದ ಕೋಣೆಯ ಮಾತು. ಅಲ್ಲಿಗೆ ಯಂತ್ರವೂ ಬರುವುದಿಲ್ಲ, ಹೊರಗಿನವರು ಕೊಂಡಿ ಹಾಕಲೂ ಸಾಧ್ಯವಿಲ್ಲ. ನಾಲ್ಕು ದಿನಗಳಲ್ಲಿ ಅವು ಕೆಳಗೆ ಸರಿದು ಕಣ್ಮರೆಯಾಗುತ್ತವೆ.

2024ರಿಂದೀಚೆಗೆ ಗೂಗಲ್ ಅನೇಕ ಪ್ರಶ್ನೆಗಳಿಗೆ ತಾನೇ ಉತ್ತರವನ್ನು ಹೆಣೆದು ಎಲ್ಲಕ್ಕಿಂತ ಮೇಲೆ ತೋರಿಸತೊಡಗಿದೆ. ಹೆಣೆಯಲು ಬೇಕಾದ ನೂಲು ಬರುವುದು ಮನುಷ್ಯರು ಬರೆದಿಟ್ಟ ಪುಟಗಳಿಂದ. ಬಲ್ಲವರು ಬರೆಯದಿದ್ದರೆ ಬಲ್ಲದವರ ನೂಲೇ ಬಟ್ಟೆಯಾಗುತ್ತದೆ.

ಇದಕ್ಕೆ ದೊಡ್ಡ ವಿದ್ವತ್ತೇನೂ ಬೇಕಾದುದಿಲ್ಲ. ತೋಟದ ಕೆಲಸದಲ್ಲಿ ಕೂದಲು ನರೆತವರು ಕೊಳೆರೋಗದ ಅನುಭವವನ್ನು ತೆರೆದ ತಾಣದಲ್ಲಿ ಎರಡು ಪುಟ ಬರೆದಿಡಬಹುದು. ಬೆರಳಚ್ಚು ಬಾರದಿದ್ದರೆ ಮೊಮ್ಮಕ್ಕಳಿಂದ ಬರೆಸಬಹುದು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ದೇವಾಲಯ, ಹಬ್ಬ, ಹಳೆಯ ಶಾಸನಗಳ ವಿವರವನ್ನು ಕೇಳಿ ತಿಳಿದು ಬರೆಯಬಹುದು. ಬರೆಯಲಾಗದವರು ಒಳ್ಳೆಯ ಬರಹ ಕಂಡಾಗ ಅದರ ಚಿತ್ರ ತೆಗೆದು ಗುಂಪಿಗೆ ಕಳಿಸಿ ಸುಮ್ಮನಾಗದೆ, ತಮ್ಮ ಸಂಘದ ಅಥವಾ ಶಾಲೆಯ ತಾಣದಲ್ಲಿ ಅದರ ಕೊಂಡಿ ಹಾಕಬಹುದು. ಬರೆದವರ ಹೆಸರನ್ನೂ ಹೇಳಬಹುದು. ಕೇಶಿರಾಜ ಅಸಗನ ಹೆಸರನ್ನು ಹೇಳಿದಾಗ ಮಾಡಿದುದು ಇಷ್ಟೇ ಕೆಲಸ. ಅದರ ಫಲವಾಗಿ ಏಳು ನೂರು ವರ್ಷಗಳ ಮೇಲೂ ಆ ಹೆಸರನ್ನು ಹುಡುಕಿದವರಿಗೆ ಅದು ಸಿಗುತ್ತಿದೆ.